ಇವರ ಮಾತಿಗಾಗಿ ಕಾದವರಿಗೆ

ಕಳೆದ ವಾರ ನಮ್ಮ ಮನೆಯವರು ಮತ್ತೆ ಕೆಲಸಕ್ಕೆ ಹಾಜರಾದರು. ಸದ್ಯಕ್ಕೆ ಅರ್ಧ ದಿನ ಮಾತ್ರ. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರನ್ನೂ ಒಂದೇ ಬೆಳಿಗ್ಗೆ ಕಳೆದುಕೊಂಡಿದ್ದ ಮನುಷ್ಯ ಕಚೇರಿಯಿಂದ ತಾವೇ ಫೋನ್ ಮಾಡಿ "ಬಂದು ತಲುಪಿದೆ" ಎಂದರು. ಆ ಎರಡು ಪದಗಳ ಹಿಂದೆ ಎಷ್ಟು ಜನರ ದುಡಿಮೆ ಇದೆ ಎಂಬುದು ನನಗೆ ಗೊತ್ತು. ಒಬ್ಬೊಬ್ಬರ ಮನೆಗೆ ಹೋಗಿ ಹೇಳಬೇಕಾದ ಮಾತಿದು. ಅದಕ್ಕೆ ಇನ್ನೂ ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಮನಸ್ಸು ತಡೆಯುತ್ತಿಲ್ಲ. ಹೆಸರು ಹಾಕಿಲ್ಲ, ಓದುವಾಗ ನಿಮಗೆ ನೀವೇ ಸಿಗುತ್ತೀರಿ.

ಮೊದಲ ನಮಸ್ಕಾರ ಪಕ್ಕದ ಮನೆಯ ಅಕ್ಕನಿಗೆ. ಇವರ ಬಾಯಿ ಒಂದು ಕಡೆಗೆ ವಾಲಿ, ಮಾತು ತೊದಲಿದಾಗ ಮನೆಯಲ್ಲಿದ್ದವರಿಗೆಲ್ಲ ಕೈಕಾಲು ಆಡಲಿಲ್ಲ. ನೀರು ಕುಡಿಸಲು ಹೊರಟವರನ್ನು ತಡೆದವರು ನೀವು. ಪಾರ್ಶ್ವವಾಯುವಿನಲ್ಲಿ ನುಂಗುವ ಶಕ್ತಿಯೂ ಹೋಗಿರಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಎಂಬುದನ್ನು ಆಸ್ಪತ್ರೆಯಲ್ಲಿ ಆಮೇಲೆ ತಿಳಿಸಿದರು. "ಕೊನೆಯ ಸಲ ಇವರು ಸರಿಯಾಗಿದ್ದುದನ್ನು ಕಂಡವರು ಯಾರು, ಎಷ್ಟು ಹೊತ್ತಿಗೆ?" ಎಂದು ಕೇಳಿ, ಮಗಳು ಹೇಳಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿತ್ತವರೂ ನೀವೇ. ತುರ್ತು ವಿಭಾಗದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4.5 ಗಂಟೆಗಳೊಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ರೋಗಿ ಕೊನೆಯ ಸಲ ಸರಿಯಾಗಿದ್ದ ಗಳಿಗೆಯಿಂದ. ಅಷ್ಟರೊಳಗೆ ಸಿ.ಟಿ. ಸ್ಕ್ಯಾನ್ ಮಾಡಿ, ಮಿದುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡರೆ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಯಂತೆ. ಅಕ್ಕ, ನಿಮ್ಮ ಚೀಟಿ ಎಷ್ಟು ನಿಮಿಷ ಉಳಿಸಿತೋ ನಾನು ಲೆಕ್ಕ ಹಾಕಲಾರೆ. ಇವತ್ತಿಗೂ ಅದು ನಮ್ಮ ಬೀರುವಿನಲ್ಲಿದೆ.

ಆಸ್ಪತ್ರೆಯ ವೈದ್ಯರಿಗೆ, ರಾತ್ರಿಯೆಲ್ಲ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಂಡ ನರ್ಸ್‌ಗಳಿಗೆ, ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಸರಿಯುತ್ತದೆ ಎಂದು ನಮಗೆಲ್ಲ ಮತ್ತೆ ಮತ್ತೆ ತೋರಿಸಿಕೊಟ್ಟ ಫಿಸಿಯೋಥೆರಪಿಸ್ಟ್‌ಗೆ ಕೈಮುಗಿಯುತ್ತೇನೆ. ಆ ವೈದ್ಯರ ಒಂದು ನಡೆಯನ್ನು ಮಾತ್ರ ಬೇರೆಯಾಗಿ ಹೇಳಬೇಕು. ಅವರು ಬಂದಾಗಲೆಲ್ಲ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆಳೆದು ಕುಳಿತು, ಹೇಳುವುದನ್ನೆಲ್ಲ ಇವರ ಮುಖ ನೋಡಿಯೇ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಉತ್ತರ ಬರಲಾರದೆಂದು ಗೊತ್ತಿದ್ದೂ ಹಾಗೆ ಮಾಡುವವರು ಕಡಿಮೆ.

ಏಕೆಂದರೆ ಇವರಿಗೆ ಆಗಿದ್ದುದು ಅಫೇಸಿಯಾ, ಅಂದರೆ ಮಿದುಳಿಗೆ ಪೆಟ್ಟಾಗಿ ಭಾಷೆಯ ಶಕ್ತಿ ಕುಂದುವುದು. ಹೆಚ್ಚಿನವರಲ್ಲಿ ಭಾಷೆಯ ಕೆಲಸವನ್ನು ಮಿದುಳಿನ ಎಡಭಾಗ ನೋಡಿಕೊಳ್ಳುತ್ತದೆ. ಅಲ್ಲಿ ಪೆಟ್ಟಾದರೆ ದೇಹದ ಬಲಭಾಗದ ಜೊತೆ ಮಾತೂ ಹೋಗಬಹುದು. 1861ರಲ್ಲಿ ಪಾಲ್ ಬ್ರೋಕಾ ಎಂಬ ಫ್ರೆಂಚ್ ವೈದ್ಯ "ಟಾನ್" ಎಂಬ ಒಂದೇ ಸದ್ದನ್ನು ಆಡಬಲ್ಲ ರೋಗಿಯನ್ನು ಕಂಡಿದ್ದ. ಅವನಿಗೆ ಮಾತು ಬಾರದಿದ್ದರೂ ಇತರರು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. ನಮ್ಮ ಸ್ಪೀಚ್ ಥೆರಪಿಸ್ಟ್ ಈ ಕತೆಯನ್ನು ಹೇಳಿದ ದಿನ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಇವರ ಬುದ್ಧಿಗೆ ಏನೂ ಆಗಿಲ್ಲ, ಒಳಗಿರುವ ಮಾತು ನಾಲಗೆಗೆ ಬರುವ ದಾರಿ ಮುರಿದಿದೆ, ಬೇರೆ ದಾರಿ ಹುಡುಕೋಣ ಎಂದರು ಅವರು. ಮಗಳ ಹೆಸರು ಹೇಳಲಾಗದವರಿಂದ ಒಂದರಿಂದ ಹತ್ತರವರೆಗೆ ಎಣಿಕೆ ಮಾಡಿಸಿದರು, ವಾರಗಳ ಹೆಸರು ಹೇಳಿಸಿದರು, ಆಮೇಲೆ ಹಾಡಿಸಿದರು. ಬಾಯಿಪಾಠವಾದದ್ದು ಮತ್ತು ರಾಗಕ್ಕೆ ಕಟ್ಟಿದ್ದು ಇಂಥವರಲ್ಲೂ ಎಷ್ಟೋ ಸಲ ಉಳಿದಿರುತ್ತದೆಯಂತೆ. ಮಗಳ ಹೆಸರನ್ನು ಇವರು ಮೊದಲು ಕರೆದದ್ದು ರಾಗದಲ್ಲಿಯೇ. ಅವಳು ಓದುತ್ತಿದ್ದ ಪುಸ್ತಕವನ್ನು ಕೆಳಗೆ ಹಾಕಿ ಓಡಿಬಂದಳು.

ಬಂದುಹೋದ ಬಂಧುಗಳೆಲ್ಲ ಪ್ರೀತಿಯಿಂದಲೇ ಬಂದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತು ಬಾರದವರೆದುರು ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ಹೇಳದೆ ಇರಲಾರೆ. ಕಿವಿ ಕೇಳದವರಂತೆ ಎಣಿಸಿ ಗಟ್ಟಿಯಾಗಿ ಕೂಗುತ್ತೇವೆ. ಮಗುವಿಗೆ ಹೇಳುವಂತೆ ಹೇಳುತ್ತೇವೆ. ಅವರ ಎದುರಿಗೇ "ಇನ್ನು ಇವರ ಕೆಲಸದ ಗತಿಯೇನು?" ಎಂದು ಕೇಳುತ್ತೇವೆ. ಅರ್ಧ ಪದ ಬರುವಷ್ಟರಲ್ಲಿ ಉಳಿದರ್ಧವನ್ನು ನಾವೇ ಹೇಳಿ ಮುಗಿಸುತ್ತೇವೆ. ಸಹಾಯವೆಂದೇ ಮಾಡುವ ಈ ಕೊನೆಯ ಕೆಲಸ ಇವರನ್ನು ಎಲ್ಲಕ್ಕಿಂತ ಹೆಚ್ಚು ದಣಿಸುತ್ತಿತ್ತು.

ಹಾಗೆ ಮಾಡದವರೆಂದರೆ ಇವರ ಕಾಲೇಜು ದಿನಗಳ ಸ್ನೇಹಿತರೊಬ್ಬರು. ಒಂದು ಸಂಜೆ ಇವರು ಏನೋ ಹೇಳಲು ಹೆಣಗುತ್ತಿದ್ದರು. "ವಿ... ವಿ..." ಎನ್ನುತ್ತಾರೆ, ಮುಂದಕ್ಕೆ ಬರುತ್ತಿಲ್ಲ. ನೀರು ಬೇಕೇ, ನೋವಿದೆಯೇ, ಮಲಗುತ್ತೀರಾ ಎಂದು ನಾವೆಲ್ಲ ಕೇಳಿದಷ್ಟೂ ಎಡಗೈಯಿಂದ ಹಾಸಿಗೆ ಗುದ್ದಿದರು. ಸ್ನೇಹಿತರು ತಮ್ಮ ಮೊಬೈಲನ್ನು ಮಗುಚಿಟ್ಟು, ಎದುರಿಗೆ ಕುಳಿತು, "ನನಗೆ ಅವಸರವಿಲ್ಲ ಕಣೋ" ಎಂದರು. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಮೈಯ ವಿಷಯವೇ?" ಹೆಬ್ಬೆರಳು ಕೆಳಗೆ. "ಮನೆಯವರ ವಿಷಯವೇ?" ಕೆಳಗೆ. "ಕಾಗದಪತ್ರದ್ದೇ?" ಹೆಬ್ಬೆರಳು ಮೇಲೇರಿತು. ಕಾಗದದಲ್ಲಿ ಕಂತು, ಬ್ಯಾಂಕ್, ವಿಮೆ ಎಂದು ದಪ್ಪಕ್ಷರದಲ್ಲಿ ಬರೆದು ಹಿಡಿದಾಗ ಇವರ ಬೆರಳು ನೇರವಾಗಿ "ವಿಮೆ"ಯ ಮೇಲೆ ಹೋಯಿತು. ವಿಮೆಯ ಕಂತು ಕಟ್ಟುವ ಕೊನೆಯ ದಿನ ಹತ್ತಿರವಾಗಿತ್ತು, ನಮಗ್ಯಾರಿಗೂ ನೆನಪಿರಲಿಲ್ಲ. ಮಲಗಿದಲ್ಲಿಂದಲೇ ಈ ಮನುಷ್ಯ ಸಂಸಾರದ ಲೆಕ್ಕ ನೋಡಿಕೊಳ್ಳುತ್ತಿದ್ದರು. ಅಣ್ಣ, ಅವರೊಳಗೆ ಅವರು ಇಡಿಯಾಗಿ ಇದ್ದಾರೆ ಎಂಬುದನ್ನು ಅವತ್ತು ನೀವು ನಮಗೆಲ್ಲ ತೋರಿಸಿಕೊಟ್ಟಿರಿ. ಅವರಿಗೂ ಅದು ಬೇಕಾಗಿತ್ತು. ಅವತ್ತು ರಾತ್ರಿ ಅವರು ನಿದ್ದೆ ಮಾಡಿದರು.

ನನ್ನ ನಾದಿನಿಗೆ ಏನು ಹೇಳಲಿ? ಕಾಯಿಲೆಯ ಸುದ್ದಿ ಕೇಳುವ ಫೋನ್‌ಗಳನ್ನೆಲ್ಲ ತನ್ನ ನಂಬರಿಗೆ ತಿರುಗಿಸಿಕೊಂಡು, ಒಂದೇ ಕತೆಯನ್ನು ದಿನವಿಡೀ ಹೇಳುವ ಕಷ್ಟದಿಂದ ನನ್ನನ್ನು ಪಾರು ಮಾಡಿದಳು. "ಅತ್ತಿಗೆ, ನೀವು ಮಲಗಿ, ಇವತ್ತಿನ ರಾತ್ರಿ ನನ್ನದು" ಎಂದು ಹೇಳಿ ನನ್ನನ್ನು ಕೋಣೆಯಿಂದಲೇ ಹೊರಗೆ ಕಳಿಸುತ್ತಿದ್ದಳು. ಪಾರ್ಶ್ವವಾಯುವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ರಕ್ತದೊತ್ತಡ ಎಂದು ಕೇಳಿದ್ದೇ ತಡ, ಮನೆಯವರೆಲ್ಲರ ರಕ್ತದೊತ್ತಡ ಪರೀಕ್ಷೆ ಮಾಡಿಸಿದವಳೂ ಅವಳೇ.

ನಡುವೆ ಇವರು ಗೋಡೆಗೆ ಮುಖ ಮಾಡಿ ಮಲಗಿದ ದಿನಗಳಿದ್ದವು. ವ್ಯಾಯಾಮ ಬೇಡ, ಯಾರೂ ಬೇಡ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂದು ವೈದ್ಯರು ಹೇಳಿ ಔಷಧ ಆರಂಭಿಸಿದರು. "ಧೈರ್ಯ ತಂದುಕೊಳ್ಳಿ" ಎನ್ನದೆ, ಏನೂ ಮಾತಾಡದೆ ಬಂದು ಪಕ್ಕದಲ್ಲಿ ಪತ್ರಿಕೆ ಓದುತ್ತ ಕುಳಿತು ಹೋಗುತ್ತಿದ್ದ ನಮ್ಮ ಭಾವನವರನ್ನು ನಾನು ಮರೆಯುವುದಿಲ್ಲ. ಮಾತಿನ ಹಂಗಿಲ್ಲದೆ ಇವರ ಜೊತೆಗಿದ್ದವರು ಅವರು.

ಕಚೇರಿಯವರು ಇವರ ಕುರ್ಚಿಯನ್ನು ಗದ್ದಲವಿಲ್ಲದ ಮೂಲೆಗೆ ಹಾಕಿದ್ದಾರೆ, ಸಭೆಯ ವಿಷಯಗಳನ್ನು ಹಿಂದಿನ ದಿನವೇ ಬರೆದು ಕಳಿಸುತ್ತಾರೆ. ಯಾರಿಂದಲೂ ಒತ್ತಾಯವಿಲ್ಲದೆ ಅವರೇ ಯೋಚಿಸಿ ಮಾಡಿದ ಏರ್ಪಾಡಿದು. ನಿಮ್ಮ ಉಪಕಾರ ದೊಡ್ಡದು.

ಕೊನೆಗೆ ಇವರಿಗೆ. ಒಂದು ಪದಕ್ಕಾಗಿ ಬೆವರುವಷ್ಟು ಹೆಣಗಿ, ತಪ್ಪು ಪದ ಬಂದರೆ ತಲೆಯಾಡಿಸಿ, ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ದಿನಾ ನೋಡಿದ್ದೇನೆ. ನಿಮ್ಮ ಛಲಕ್ಕೆ ನಾನು ಋಣಿ. ಈ ಬರಹವನ್ನು ಪ್ರಕಟಿಸುವ ಮುನ್ನ ನಿಮಗೆ ಓದಿ ಹೇಳಿದೆ. ವಿಮೆಯ ಸಂಗತಿ ಇರಲಿ ಎಂದು ನೀವೇ ಹೇಳಿದಿರಿ.

ಇನ್ನು ಇವರ ಆರೋಗ್ಯ ವಿಚಾರಿಸುವವರು ದಯವಿಟ್ಟು ನನ್ನ ನಂಬರಿಗೆ ಮಾಡದೆ ಇವರ ನಂಬರಿಗೇ ಮಾಡಿ. ಸಂಜೆಯ ಹೊತ್ತಿಗೆ ದಣಿವು ಹೆಚ್ಚು, ಬೆಳಿಗ್ಗೆ ಒಳ್ಳೆಯದು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಆ ಕಡೆಯಿಂದ ಸದ್ದು ಬಾರದಿದ್ದರೆ ಕರೆ ಕಡಿದುಹೋಗಿದೆ ಎಂದುಕೊಳ್ಳಬೇಡಿ, ಇವರು ಪದ ಹುಡುಕುತ್ತಿರುತ್ತಾರೆ.