ನಾಗಪ್ಪನನ್ನು ಅರ್ಧಕ್ಕೆ ಬಿಡಬೇಡ

ಕೋಡಿಬಾಗ, ಕಾರವಾರ
ಜುಲೈ ತಿಂಗಳ ಭಾನುವಾರ, ಮಧ್ಯಾಹ್ನ

ಪ್ರೀತಿಯ ಕೂಸೇ,

ಮೊನ್ನೆ ಫೋನಿನಲ್ಲಿ ಯಶವಂತ ಚಿತ್ತಾಲರ ಕಾದಂಬರಿಯ ಮಾತು ಬಂದಾಗ ನೀನು, "ಶಿಕಾರಿ ಅರ್ಧಕ್ಕೆ ನಿಂತಿದೆ ಆಯಿ, ಈ ನಾಗಪ್ಪ ತಲೆ ತಿಂತಾನೆ" ಅಂದೆ. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು, ಮಳೆಗೆ ನೆಟ್‌ವರ್ಕ್ ಬೇರೆ ಕಡಿದು ಕಡಿದು ಬರುತ್ತಿತ್ತು. "ಹಾಗಾದರೆ ಬಿಡು, ಬೇರೆ ಯಾವುದಾದರೂ ಓದು" ಅಂದುಬಿಟ್ಟೆ. ಆವತ್ತಿನಿಂದ ಅದೊಂದು ಮಾತು ಕೊರೆಯುತ್ತಿದೆ. ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಬರೆಯಲು ಕೂತೆ.

ಮೊದಲು ನಾನೇನು ಓದುತ್ತಿದ್ದೇನೆ ಹೇಳುತ್ತೇನೆ. ದೀಪಾವಳಿಗೆ ಬಂದಾಗ ನೀನು ಬಿಟ್ಟುಹೋದ ಠಾಗೋರರ ನೆನಪುಗಳ ಪುಸ್ತಕ. ಇಂಗ್ಲಿಷು, ಹಾಗಾಗಿ ದಿನಕ್ಕೆ ಎರಡು ಪುಟ; ಪಕ್ಕದಲ್ಲಿ ನಿನ್ನ ಹೈಸ್ಕೂಲಿನ ಡಿಕ್ಷನರಿ. ಕಾರವಾರದ ಭಾಗಕ್ಕೆ ಬಂದ ಮೇಲೆ ಮಾತ್ರ ಡಿಕ್ಷನರಿಯ ನೆನಪೇ ಆಗಲಿಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು, ಬ್ರಿಟಿಷರ ಕಾಲದ ದೊಡ್ಡ ಸರ್ಕಾರಿ ಪರೀಕ್ಷೆ ಐಸಿಎಸ್ ಪಾಸಾದ ಮೊದಲ ಭಾರತೀಯ. ತಮ್ಮ ರವೀಂದ್ರರು ಆಗ ಇಪ್ಪತ್ತೆರಡರ ಹುಡುಗ. ಒಂದು ಹುಣ್ಣಿಮೆಯ ರಾತ್ರಿ ಮನೆಯವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗುತ್ತಾರೆ. ಶಿವಾಜಿಯ ಕೋಟೆಯ ಗುಡ್ಡದ ಬುಡದಲ್ಲಿ ಇಳಿದು, ಯಾರೋ ರೈತನ ಮನೆಯ ಗುಡಿಸಿ ಒಪ್ಪ ಮಾಡಿದ ಅಂಗಳದಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಬರುವಾಗ ದೋಣಿಯನ್ನು ನೀರಿನ ಸೆಳೆತಕ್ಕೇ ಬಿಡುತ್ತಾರೆ. ನದಿ ಸಮುದ್ರ ಸೇರುವ ಅಳಿವೆ ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗಿ, ಸಮುದ್ರದ ಮೇಲೆ ಹೋಗುವುದು ಬೇಡವೆಂದು ಅಲ್ಲೇ ಇಳಿದು ಮರಳಿನ ಮೇಲೆ ನಡೆದುಕೊಂಡು ಮನೆಗೆ ಹೋಗುತ್ತಾರೆ. ಗಾಳಿಮರಗಳೂ ಆವತ್ತು ಸುಮ್ಮನಿದ್ದವಂತೆ.

ಅಳಿವೆ ಅಂದರೆ ಎಲ್ಲಿ ಹೇಳು? ನಮ್ಮ ಮನೆಯಿಂದ ಕೂಗಳತೆ. ಓದಿದ ಸಂಜೆ ಮಳೆ ಸ್ವಲ್ಪ ಹೊಳವಾಗಿತ್ತು, ಕೊಡೆ ಹಿಡಿದು ಅಲ್ಲಿಯವರೆಗೆ ಹೋಗಿಬಂದೆ. 2024ರ ಆಗಸ್ಟ್‌ನಲ್ಲಿ ಕುಸಿದುಬಿತ್ತಲ್ಲ ಹಳೆ ಸೇತುವೆ, ಆ ಕಡೆ ನೋಡಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ನೂರಾ ನಲವತ್ತು ವರ್ಷದ ಹಿಂದೆ ಈ ಮರಳಿನ ಮೇಲೆ ಬಂಗಾಳಿಯಲ್ಲಿ ಮಾತಾಡಿಕೊಳ್ಳುತ್ತ ಹೋದ ಒಂದು ಮನೆಯ ಜನ ನನಗೆ ಅಲ್ಲಿ ಕಂಡ ಹಾಗೇ ಆಯಿತು. ಠಾಗೋರ್ ಬೀಚ್, ಠಾಗೋರ್ ಬೀಚ್ ಅಂತ ಇಷ್ಟು ವರ್ಷ ಹೇಳಿದ್ದೇ ಹೇಳಿದ್ದು. ಆ ಹೆಸರಿನ ಹಿಂದೆ ಒಬ್ಬ ನಡೆದಾಡುವ ಹುಡುಗನಿದ್ದಾನೆ ಅಂತ ಅನ್ನಿಸಿದ್ದು ಈಗ.

ಇಷ್ಟು ಮೆಚ್ಚಿದ್ದಕ್ಕೇ ಮುಂದಿನದು ನನ್ನನ್ನು ನೋಯಿಸಿತು. ಕಾರವಾರದಲ್ಲೇ ಅವರು ಒಂದು ನಾಟಕ ಬರೆದರು, 'ಪ್ರಕೃತಿರ್ ಪ್ರತಿಶೋಧ್', 1884ರಲ್ಲಿ ಅಚ್ಚಾಯಿತು. ಒಬ್ಬ ಸನ್ಯಾಸಿ ಎಲ್ಲ ಬಂಧ ಹರಿದುಕೊಂಡು ಗೆದ್ದೆ ಅಂದುಕೊಂಡಿರುತ್ತಾನೆ. ಒಂದು ಸಣ್ಣ ಹುಡುಗಿಯ ಪ್ರೀತಿ ಅವನನ್ನು ಮತ್ತೆ ಈ ಲೋಕಕ್ಕೆ ಎಳೆದು ತರುತ್ತದೆ. ದೊಡ್ಡದು ಸಣ್ಣದರಲ್ಲೇ ಇದೆ ಅಂತ ಅವನಿಗೆ ಗೊತ್ತಾಗುತ್ತದೆ. ನೆನಪುಗಳ ಪುಸ್ತಕದಲ್ಲಿ ಠಾಗೋರರು ಹೇಳುವುದು ಇಷ್ಟೇ. ನಾನು ಸುಮ್ಮನಿರದೆ ಜಿಲ್ಲಾ ಗ್ರಂಥಾಲಯದಲ್ಲಿ ಆ ನಾಟಕದ ಇಂಗ್ಲಿಷ್ ರೂಪ ಹುಡುಕಿಸಿ ತಂದೆ. ಸಣ್ಣದು, ನಾಲ್ಕು ದಿನದಲ್ಲಿ ಮುಗಿಯಿತು. ಆ ಹುಡುಗಿಯನ್ನು ಊರವರು ಮುಟ್ಟಿಸಿಕೊಳ್ಳುವುದಿಲ್ಲ. ಅಪ್ಪ ಇಲ್ಲ. ಸನ್ಯಾಸಿ ದೂಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವನನ್ನೇ ಅಪ್ಪಾ ಅಂತ ಕರೆಯುತ್ತದೆ ಅದು. ಅವನಿಗೆ ಆ ಕರೆಯೇ ಹೆದರಿಕೆ. ಬಿಟ್ಟು ಓಡುತ್ತಾನೆ. ಮನಸ್ಸು ತಿರುಗಿ, ದಂಡ ಭಿಕ್ಷಾಪಾತ್ರೆ ಮುರಿದು ವಾಪಸು ಬರುವಷ್ಟರಲ್ಲಿ ಮಗು ಸತ್ತುಹೋಗಿರುತ್ತದೆ.

ಆ ಸಾವಿನ ಸುದ್ದಿ ನೆನಪುಗಳ ಪುಸ್ತಕದಲ್ಲಿ ಇಲ್ಲವೇ ಇಲ್ಲ ಕೂಸೇ! ಸನ್ಯಾಸಿಗೆ ಜ್ಞಾನವಾಯಿತು ಅನ್ನುವುದು ಇದೆ, ಅದಕ್ಕೆ ಬೆಲೆ ತೆತ್ತವಳು ಇಲ್ಲ. ನಾಟಕ ಬರೆದ ಹುಡುಗನಿಗೆ ಗೊತ್ತಿತ್ತು, ಅದಕ್ಕೇ ಅವಳನ್ನು ಬದುಕಿಸಲಿಲ್ಲ. ವಯಸ್ಸಾದ ಮೇಲೆ ನೆನಪು ಬರೆಯುವಾಗ ತತ್ವ ಉಳಿದು ಮಗು ಜಾರಿಹೋಯಿತು. ನನ್ನ ಅನಿಸಿಕೆ ಇದು. ಕಾರವಾರದಿಂದ ಹೋದ ಸ್ವಲ್ಪ ದಿನಕ್ಕೆ ತನ್ನ ಮದುವೆಯಾಯಿತು ಅಂತ ಅವರೇ ಬರೆಯುತ್ತಾರೆ. 1883ರ ಡಿಸೆಂಬರ್. ಹುಡುಗಿಗೆ ಹತ್ತರ ಆಸುಪಾಸು. ಕಾಲವೇ ಹಾಗಿತ್ತು, ಗೊತ್ತು. ಆದರೂ ಆ ಸಾಲಿನಲ್ಲಿ ನಾನು ಸುಮಾರು ಹೊತ್ತು ನಿಂತೆ.

ನಾನು ಇಪ್ಪತ್ತಾರು ವರ್ಷದಿಂದ ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸಿದವಳು. ಈಗ ಮೀನುಗಾರಿಕೆ ನಿಷೇಧದ ತಿಂಗಳು, ಜುಲೈ 31ರವರೆಗೆ ಬೋಟುಗಳು ಬೈತಕೋಲ ಬಂದರಿನಲ್ಲಿ ಕಟ್ಟಿಹಾಕಿಯೇ ಇರುತ್ತವೆ, ಅಪ್ಪಂದಿರು ಮನೆಯಲ್ಲಿ. ಹಾಗಾಗಿ ಮಕ್ಕಳು ಬರುವುದು ತಡ, ಬಂದ ಮೇಲೆ ಬಾಗಿಲಲ್ಲಿ ಅಳು. ಮೊನ್ನೆ ಒಂದು ಮಗು ಅಪ್ಪನ ಲುಂಗಿಯ ತುದಿ ಬಿಡಲೇ ಒಲ್ಲದು. ಅವನು ಮತ್ತೆ ಅರ್ಧ ಗಂಟೆ ನಮ್ಮ ಜೊತೆ ಚಾಪೆಯ ಮೇಲೇ ಕೂತು ಹಾಲು ಕುಡಿಸಿ ಹೋದ. ಆ ನಾಟಕ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಮುಷ್ಟಿ. ಕಥೆಯಲ್ಲಿ ಒಬ್ಬ ಗಂಡಸು ತನ್ನೊಳಗಿನ ಯೋಚನೆಯಲ್ಲಿ ಮುಳುಗಿದ್ದಾಗ, ಅವನ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನನ್ನ ಕಣ್ಣು ತಾನಾಗಿಯೇ ಹುಡುಕುತ್ತದೆ.

ಈಗ ನಾಗಪ್ಪನ ವಿಷಯ. ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಕುಮಟೆಯಲ್ಲಿ ಕಾಲೇಜು ಓದುವಾಗ ನಾನೂ ಅದನ್ನು ಅಲ್ಲಲ್ಲಿ ಹಾರಿಸಿ ಹಾರಿಸಿಯೇ ಓದಿದ್ದು. ಚಿತ್ತಾಲರು ಗೋಕರ್ಣದ ಹತ್ತಿರದ ಹನೇಹಳ್ಳಿಯವರು, ನಮ್ಮ ಕಡೆಯವರು ಅನ್ನುವ ಅಭಿಮಾನಕ್ಕೆ ಹಿಡಿದ ಪುಸ್ತಕ ಅದು. ಮುಂಬಯಿಯ ಕಂಪನಿಯಲ್ಲಿ ದೊಡ್ಡ ಹುದ್ದೆಯ ನಾಗಪ್ಪ. ಯಾರೋ ಏನೋ ಆರೋಪ ಹೊರಿಸಿ ಅವನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಅಲ್ಲಿಂದ ಅವನು ಕಂಡ ಮುಖಗಳನ್ನೆಲ್ಲ, ಊರಿನ ಹಳೆಯ ಮುಖಗಳನ್ನೂ ಸೇರಿಸಿ, ಒಂದೊಂದಾಗಿ ಕೆದಕುತ್ತ ಹೋಗುತ್ತಾನೆ. ಅನುಮಾನದ ಹುಳ ಇವನು ಅಂತ ನನಗೂ ಆಗ ಬೇಜಾರು ಬಂದಿತ್ತು.

ಎರಡನೇ ಸಲ ಓದಿದ್ದು ಯಾವಾಗ ಅಂತ ನಿನಗೆ ಹೇಳಿಲ್ಲ. ನೀನು ಎರಡನೇ ಇಯತ್ತೆ. ಆ ವರ್ಷ ಮಳೆಗಾಲದಲ್ಲಿ ಅಪ್ಪ ಐದು ತಿಂಗಳು ಮನೆಯಲ್ಲಿದ್ದರು, ನೆನಪಿದೆಯಾ? ನಿನಗೆ ರಜೆ ಅಂತ ಹೇಳಿದ್ದೆವು. ರಜೆ ಆಗಿರಲಿಲ್ಲ. ಅವರು ಆಗ ಕೆಲಸ ಮಾಡುತ್ತಿದ್ದ ಕಡೆ ಲೆಕ್ಕದಲ್ಲಿ ದುಡ್ಡು ಕಡಿಮೆ ಬಂತು. ವಿಚಾರಣೆ ಮುಗಿಯುವವರೆಗೆ ಬರಬೇಡಿ ಅಂದರು. ಯಾರು ದೂರಿದರು, ಏನಂತ ದೂರಿದರು, ಯಾರೂ ಬಾಯಿ ಬಿಡಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಗೇಟು ನೋಡುವರು. ಹಾಲಿನವನು ಇವತ್ತು ಯಾಕೆ ಮಾತಾಡಿಸಲಿಲ್ಲ? ಎದುರಿನ ಮನೆಯವರು ಕಿಟಕಿ ಹಾಕಿಕೊಂಡರಲ್ಲ, ಅವರಿಗೂ ಗೊತ್ತಾಯಿತಾ? ರಾತ್ರಿ ಎರಡು ಗಂಟೆಗೆ ಎದ್ದು ಹತ್ತು ವರ್ಷದ ಹಿಂದಿನ ಯಾವುದೋ ಜಗಳ ಹೇಳುವರು. ನಾನು ಕೇಳುತ್ತ ಕೂರುತ್ತಿದ್ದೆ. ಅವರು ಮಲಗಿದ ಮೇಲೆ ನಿದ್ದೆ ಬರದೆ ಕಪಾಟಿನಿಂದ ತೆಗೆದದ್ದು 'ಶಿಕಾರಿ'.

ಆಗ ಒಂದು ಸಾಲೂ ಹಾರಿಸಲಿಲ್ಲ. ಅಪ್ಪನ ಬಾಯಲ್ಲಿ ಕೇಳಿದ್ದೇ ಪುಟದಲ್ಲಿ ಇತ್ತು. 1979ರಲ್ಲಿ ಅಚ್ಚಾದ ಪುಸ್ತಕಕ್ಕೆ ನಮ್ಮ ಜಗಲಿಯ ಮಾತು ಹೇಗೆ ಗೊತ್ತಾಯಿತು ಅನ್ನಿಸಿತು. ಮನುಷ್ಯನಿಂದ ಕೆಲಸ ಕಸಿದುಕೊಂಡು ಕಾರಣ ಹೇಳದೆ ಬಿಟ್ಟರೆ, ಆ ಕಾರಣವನ್ನು ಅವನೇ ನೇಯ್ದುಕೊಳ್ಳುತ್ತಾನೆ. ಸಿಕ್ಕಿದ ಎಳೆಯನ್ನೆಲ್ಲ ಹಾಕಿ ನೇಯುತ್ತಾನೆ. ಚಿತ್ತಾಲರು ಅದನ್ನು ಅವಸರ ಮಾಡದೆ ಬರೆದಿದ್ದಾರೆ, ಹಾಗಾಗಿಯೇ ನಿನಗೆ ಉಸಿರು ಕಟ್ಟಿದ್ದು. ನನ್ನದೊಂದು ತಕರಾರೂ ಇದೆ: ಅದರಲ್ಲಿ ಹೆಂಗಸರು ನಾಗಪ್ಪನ ಕಣ್ಣಿಗೆ ಬಿದ್ದಷ್ಟೇ ಕಾಣುತ್ತಾರೆ, ಅವರ ಮನಸ್ಸಿನ ಕದ ತೆರೆಯುವುದಿಲ್ಲ. ಆದರೆ ಅವನು ಒಂಟಿ. ರಾತ್ರಿ ಎರಡು ಗಂಟೆಗೆ ಎದ್ದರೆ ಹೇಳಿಕೊಳ್ಳಲು ಯಾರೂ ಇಲ್ಲ, ಎಲ್ಲವನ್ನೂ ತನಗೇ ಹೇಳಿಕೊಳ್ಳಬೇಕು. ಅದು ಹೊಳೆದ ಮೇಲೆ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಅಪ್ಪನ ತಪ್ಪಿರಲಿಲ್ಲ. ಯಾರೋ ಒಂದು ರಕಮು ಎರಡು ಸಲ ಬರೆದಿದ್ದರು, ಅಷ್ಟೇ. ನಾಳೆಯಿಂದ ಬನ್ನಿ ಅಂತ ಎರಡು ಸಾಲಿನ ಕಾಗದ ಬಂತು. ಆದರೆ ಅದಾದ ಮೇಲೆ ಅಪ್ಪ ತಾಳಮದ್ದಳೆಗೆ, ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ಆ ಯಕ್ಷಗಾನಕ್ಕೆ, ಹೋಗಲಿಲ್ಲ. ಅವರು ಅರ್ಥ ಹೇಳುವುದನ್ನು ನೀನು ಕೇಳಿಲ್ಲ ಮಗಳೇ, ಅವರ ವಾಲಿಯನ್ನು ಕೇಳಲು ಅಂಕೋಲೆಯಿಂದ ಜನ ಬರುತ್ತಿದ್ದರು. ಯಾಕೆ ಬಿಟ್ಟಿರಿ ಅಂದರೆ, "ಎದುರಿನವ ಪಾತ್ರಕ್ಕೆ ಹೇಳಿದ್ದು ನನಗೇ ಚುಚ್ಚಿ ಹೇಳಿದ ಹಾಗೆ ಕೇಳುತ್ತದೆ" ಅಂದರು. ಹದಿನೇಳು ವರ್ಷವಾಯಿತು.

ಇದನ್ನು ಅವರಿಗೆ ಕೇಳಿಯೇ ಬರೆಯುತ್ತಿದ್ದೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆ, ಅವಳು ಈಗ ದೊಡ್ಡವಳು" ಅಂದರು.

ನೀನು ಯಾವ ಪುಟದಲ್ಲಿ ನಿಲ್ಲಿಸಿದ್ದೀ ತಿಳಿಸು. ನಾನೂ ಅಲ್ಲಿಂದಲೇ ಮತ್ತೆ ಹಿಡಿಯುತ್ತೇನೆ, ಇಬ್ಬರೂ ವಾರಕ್ಕೆ ಐವತ್ತು ಪುಟ ಓದೋಣ. ಆಮೇಲೂ ನಾಗಪ್ಪ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಬರೆ, ಎಲ್ಲಿ, ಯಾಕೆ ಅಂತ ಸೇರಿಸಿ ಬರೆ. ಆ ನಾಟಕವನ್ನೂ ಹುಡುಕಿ ಓದು, ನನ್ನ ಸಿಟ್ಟು ಸರಿಯಾ ಹೇಳು. ಪಕ್ಕದ ಮನೆಯ ಅಕ್ಕ ಬುಧವಾರದ ರೈಲಿಗೆ ಬೆಂಗಳೂರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದೇನೆ, ಈ ಕಾಗದ ಅದೇ ಚೀಲದಲ್ಲಿದೆ. ಚೌತಿಗೆ ನಾಲ್ಕು ದಿನ ರಜೆ ಹಾಕು.

ನಿನ್ನ
ಆಯಿ