ಪಾಡ್‌ಕಾಸ್ಟ್: ಮಾತಿನ ಹಿಂದಿನ ವ್ಯವಸ್ಥೆ

ಮಾನ್ಯ ಸಂಪಾದಕರೇ,

ಕನ್ನಡ ಪಾಡ್‌ಕಾಸ್ಟ್‌ಗಳನ್ನು ನಡೆಸುವವರು ಮಾತಿಗೆ ಕೊಡುವಷ್ಟು ಗಮನವನ್ನು ಅದನ್ನು ಕೇಳುಗರಿಗೆ ತಲುಪಿಸುವ ತಾಂತ್ರಿಕ ವ್ಯವಸ್ಥೆಗೆ ಕೊಡುತ್ತಿಲ್ಲವೆಂಬುದು ನನ್ನ ಅನಿಸಿಕೆ. ನಾನು ತಪ್ಪದೆ ಕೇಳುತ್ತಿದ್ದ ಕಾರ್ಯಕ್ರಮವೊಂದು ಹೋಸ್ಟಿಂಗ್ ಸೇವೆಯನ್ನು (ಕಂತುಗಳ ಕಡತಗಳನ್ನು ಇಡುವ ಜಾಗವನ್ನು) ಬದಲಿಸಿದಾಗ, ಹಳೆಯ ಆರ್‌ಎಸ್‌ಎಸ್ ಫೀಡ್‌ನ (ಹೊಸ ಕಂತುಗಳು ಬಂದುದನ್ನು ಯಾವ ಆ್ಯಪ್ ಬೇಕಾದರೂ ಓದಿ ತಿಳಿಯಬಲ್ಲ ಪಟ್ಟಿಯ) ವಿಳಾಸವನ್ನು ಹೊಸದಕ್ಕೆ ತಿರುಗಿಸಲು ಮರೆತಿದ್ದರಿಂದ, ನನ್ನ ಫೋನಿಗೆ ಕಂತುಗಳು ಬರುವುದೇ ನಿಂತಿತು. ಕಾರ್ಯಕ್ರಮವೇ ಮುಗಿದುಹೋಯಿತೆಂದು ತಿಂಗಳುಗಟ್ಟಲೆ ನಂಬಿದ್ದೆ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ ಮುಚ್ಚಿದಾಗ ಕೇಳುಗರು ಬೇರೆ ಆ್ಯಪ್‌ಗಳಿಗೆ ದಾಟಿಕೊಳ್ಳಲು ಸಾಧ್ಯವಾದದ್ದು ಇದೇ ಮುಕ್ತ ಫೀಡ್‌ಗಳ ಬಲದಿಂದ.

ಕಡತದ ಗಾತ್ರವೂ ಸಣ್ಣ ವಿಷಯವಲ್ಲ. 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್‌ನಂತೆ) ಒಂದು ಗಂಟೆಯ ಧ್ವನಿಗೆ ಸುಮಾರು 58 ಎಂಬಿ ಬೇಕು. ಬರಿಯ ಮಾತುಕತೆಗೆ ಮೊನೊದಲ್ಲಿ (ಎಡ-ಬಲ ಬೇರೆಯಿಲ್ಲದ ಒಂದೇ ಧ್ವನಿಯಲ್ಲಿ) 64 ಕೆಬಿಪಿಎಸ್ ಸಾಕು, ಗಾತ್ರವೂ ಅರ್ಧಕ್ಕಿಳಿಯುತ್ತದೆ.

ಕೇಳುಗರ ಹರಟೆಗೆ ಹಲವರು ವಾಟ್ಸ್‌ಆ್ಯಪ್ ಗುಂಪನ್ನೇ ನೆಚ್ಚುತ್ತಾರೆ. ಅಲ್ಲಿ ಸದಸ್ಯರ ಫೋನ್ ಸಂಖ್ಯೆ ಅಪರಿಚಿತರಿಗೂ ಕಾಣುವುದರಿಂದ ಹೆಣ್ಣುಮಕ್ಕಳು ಸೇರಲು ಹಿಂಜರಿಯುವುದನ್ನು ನಾನೇ ಕಂಡಿದ್ದೇನೆ. ಬೇರೆಯವರ ಹಿಡಿತದಲ್ಲಿರುವ ಜಾಲವನ್ನು ನೆಚ್ಚುವುದರಲ್ಲಿ ಇನ್ನೊಂದು ಅಪಾಯವೂ ಇದೆ: 2021ರಲ್ಲಿ ಫ್ರೀನೋಡ್ ಎಂಬ ಹಳೆಯ ಚಾಟ್ ಜಾಲದ ಹಿಡಿತಕ್ಕಾಗಿ ಜಗಳವಾದಾಗ, ಅನೇಕ ಮುಕ್ತ ತಂತ್ರಾಂಶ ಸಮುದಾಯಗಳು ಲಿಬೆರಾ ಚಾಟ್ ಎಂಬ ಹೊಸ ಜಾಲಕ್ಕೆ ಗುಳೆ ಹೋದವು. ಮ್ಯಾಟ್ರಿಕ್ಸ್‌ನಂಥ ಮುಕ್ತ ಚಾಟ್ ವ್ಯವಸ್ಥೆಯಲ್ಲಿ ಸ್ವಂತ ಸರ್ವರ್ ಇಟ್ಟುಕೊಳ್ಳಬಹುದು. ಆದರೆ ಅದರ ಅಪ್‌ಡೇಟು, ಬ್ಯಾಕಪ್ಪುಗಳನ್ನು ನೋಡಿಕೊಳ್ಳುವವರು ಬೇಕು (ಉತ್ಸಾಹ ಆರು ತಿಂಗಳಲ್ಲಿ ಇಳಿಯುವುದುಂಟು). ನಿರ್ಮಾಪಕರು ಕೇಳುಗರಲ್ಲೇ ಇರುವ ತಂತ್ರಜ್ಞರನ್ನು ಈ ಕೆಲಸಕ್ಕೆ ಕರೆಯಲಿ, ಏನನ್ನೇ ಬದಲಿಸುವ ಮುನ್ನ ಒಂದು ಕಂತಿನಲ್ಲಾದರೂ ತಿಳಿಸಲಿ.

– ಒಬ್ಬ ಕೇಳುಗ, ಮೈಸೂರು