ಹಿರೋಶಿಗೆಯ ಚಿತ್ರಗಳನ್ನೂ ಪ್ರಕಟಿಸಿ

ಮಾನ್ಯರೇ,

ಜಪಾನಿನ ಮರದಚ್ಚಿನ ಚಿತ್ರಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಕಲಾವಿದ ಹೊಕುಸಾಯ್‌ನ ದೈತ್ಯ ಅಲೆಯ ಚಿತ್ರವೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇಂದಿನ ಟೋಕಿಯೊ ಆಗಿರುವ ಎಡೊದಿಂದ ಕ್ಯೋಟೊವರೆಗಿನ ತೊಕಾಯ್ದೊ ಹೆದ್ದಾರಿಯನ್ನೂ ಅದರ 53 ತಂಗುದಾಣಗಳನ್ನೂ 1833–34ರ ಸುಮಾರಿಗೆ 55 ಚಿತ್ರಗಳಲ್ಲಿ ತೋರಿಸಿದ ಉತಗಾವಾ ಹಿರೋಶಿಗೆ (1797–1858) ಅಷ್ಟೇ ಗಮನಕ್ಕೆ ಅರ್ಹನಾದ ಕಲಾವಿದ.

ಅವನ ಚಿತ್ರಗಳಲ್ಲಿ ಬೆಟ್ಟ, ಹೊಳೆಗಳಷ್ಟೇ ದಾರಿಹೋಕರೂ ಮುಖ್ಯರು. ಶೋನೊ ಎಂಬ ತಂಗುದಾಣದ ಚಿತ್ರದಲ್ಲಿ, ಓರೆಯಾಗಿ ರಾಚುವ ಮಳೆಗೆ ಸಿಕ್ಕ ಪಲ್ಲಕ್ಕಿ ಹೊರುವವರು ತಲೆ ತಗ್ಗಿಸಿ ಏರು ಹತ್ತುತ್ತಿದ್ದರೆ, ಛತ್ರಿ ಹಿಡಿದವನೊಬ್ಬ ಇಳಿಜಾರಿನಲ್ಲಿ ಓಡುತ್ತಾನೆ. ಹಿಂದೆ ಗಾಳಿಗೆ ಬಾಗಿದ ಬಿದಿರು ಬೂದುಬಣ್ಣದ ಪದರಪದರವಾಗಿ ಮಸುಕಾಗುತ್ತದೆ. ಮರಿಕೊ ತಂಗುದಾಣದ ಚಿತ್ರದಲ್ಲಿ ಇಬ್ಬರು ಪ್ರಯಾಣಿಕರು ರಸ್ತೆಬದಿಯ ಅಂಗಡಿಯಲ್ಲಿ ಊಟಕ್ಕೆ ಕುಳಿತಿದ್ದಾರೆ, ಅಷ್ಟೆ.

ಇದು ಒಬ್ಬನ ಕೆಲಸವೂ ಅಲ್ಲ. ಚಿತ್ರಕಾರನ ರೇಖೆಯನ್ನು ಚೆರಿ ಮರದ ಹಲಗೆಯಲ್ಲಿ ಕೆತ್ತುವವನು ಬೇರೆ, ಬಣ್ಣ ಹಚ್ಚಿ ಅಚ್ಚೊತ್ತುವವನು ಬೇರೆ. ಆಕಾಶದ ಗಾಢ ನೀಲಿ ಹಂತಹಂತವಾಗಿ ತಿಳಿಯಾಗಿ ಕಾಣುವುದು, ಆ ಅಚ್ಚುಗಾರ ಪ್ರತಿಯೊಂದು ಹಾಳೆಗೂ ಹಲಗೆಯ ಮೇಲಿನ ಬಣ್ಣವನ್ನು ಕೈಯಿಂದಲೇ ಹದಗೊಳಿಸುತ್ತಿದ್ದುದರಿಂದ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಈ ಸರಣಿಯ ಕೆಲವು ಚಿತ್ರಗಳನ್ನಾದರೂ ಬಣ್ಣದಲ್ಲಿ, ಕೆತ್ತನೆಗಾರರ ಮತ್ತು ಅಚ್ಚುಗಾರರ ಕೆಲಸದ ವಿವರಣೆಯೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

— ಓದುಗರೊಬ್ಬರು, ಧಾರವಾಡ